ನವನಗರದ ಖಡಕ್ ರೊಟ್ಟಿ, ಮ್ಯೂನಿಕ್‌ನ ರಾತ್ರಿ ಊಟ

ಬಾಗಲಕೋಟೆ ನವನಗರದಲ್ಲಿ ಕೆಲವು ಹೆಣ್ಣುಮಕ್ಕಳು ಸೇರಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾರೆ. ಬೋರ್ಡ್ ಇಲ್ಲ, ಓಣಿಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಸಿಗುತ್ತವೆ. ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ. ಗಂಡನ ಕೆಲಸಕ್ಕಾಗಿ ನಾವು ಜರ್ಮನಿಯ ಮ್ಯೂನಿಕ್‌ಗೆ ಹೋದ ಮೇಲೆ, ಊರಿಗೆ ಬಂದಾಗೆಲ್ಲ ನಾನು ಇಲ್ಲಿಂದಲೇ ಒಯ್ಯುತ್ತೇನೆ. ಮಕ್ಕಳನ್ನು ಕರಕೊಂಡು ಪರದೇಶಕ್ಕೆ ಹೊರಟ ತಾಯಂದಿರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೊಟ್ಟಿಯ ಮಾತು. ಊಟದ ತಾಟಿನಷ್ಟು ಅಗಲ. ನಡುವೆ ಎಷ್ಟು ತೆಳುವೋ ಅಂಚೂ ಅಷ್ಟೇ ತೆಳು. ಇದು ಸಣ್ಣ ವಿಷಯ ಅಲ್ಲ. ಅಂಚು ದಪ್ಪ ಇದ್ದರೆ ಅಲ್ಲಿ ಪಸೆ ಉಳಿದು ಮುಗ್ಗಲು ವಾಸನೆ ಬರುತ್ತದೆ. ಇವರು ಹಿಂಗಾರಿ ಬಿಳಿ ಜೋಳ, ಅದರಲ್ಲೂ ಮಾಲದಂಡಿ ತಂದು ಬೇಕಾದಷ್ಟೇ ಬೀಸಿಸುತ್ತಾರೆ. ಕುದಿಯುವ ಎಸರು ಹಾಕಿ ಬಿಸಿ ಇರುವಾಗಲೇ ನಾದುತ್ತಾರೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ಒಮ್ಮೆ ಸವರಿ, ತಿರುವಿ ಬೇಯಿಸುತ್ತಾರೆ. ಆಮೇಲೆ ಒಲೆಯ ಮಗ್ಗುಲಿಗೆ ಒರಗಿಸಿ ಇಡುತ್ತಾರೆ. ಅಲ್ಲೇ ನಿಧಾನಕ್ಕೆ ಒಣಗಿ ಖಡಕ್ ಆಗುತ್ತದೆ.

ಅಲ್ಲಿನ ಹಿರಿಯರನ್ನು ಎಲ್ಲರೂ ಕಾಕು ಅನ್ನುತ್ತಾರೆ. "ಹಿಟ್ಟಿಗೆ ಜಿಗಿ ಇದ್ರ ಕೈಯಾಗ ಆಡ್ತೈತಿ ತಂಗಿ. ಹಳೇ ಹಿಟ್ಟಾದ್ರ ಬಡಿಯೂದ್ರಾಗ ಸೀಳ್ತೈತಿ" ಅಂದರು. ಮ್ಯೂನಿಕ್‌ನಲ್ಲಿ ಆಗೋದು ಇದೇ. ಜೋಳದ ಹಿಟ್ಟು ಸಿಗುತ್ತದೆ, ಆದರೆ ನನಗೆ ಸಿಕ್ಕಿದ್ದೆಲ್ಲ ಹಳೆಯದು. ನಮ್ಮ ಮನೆಯ ಒಲೆ ಗಾಜಿನ ತಟ್ಟೆಯ ಕರೆಂಟ್ ಒಲೆ, ಉರಿಯೇ ಇಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ಹಂಚು ಕಾದು ಹೊಗೆ ಎದ್ದರೆ ಅಲಾರಾಂ ಕೂಗುತ್ತದೆ.

ಆದರೆ ನನ್ನ ಮಾತು ಹಿಟ್ಟಿನದಲ್ಲ. ನಮ್ಮ ಕಡೆ ಬಿಸಿ ರೊಟ್ಟಿ ಅಂದರೆ ಉಣ್ಣುವವರು ಕೂತಿರುತ್ತಾರೆ, ಬಡಿಯುವವಳು ಒಲೆ ಬಿಟ್ಟು ಏಳುವಂತಿಲ್ಲ. ಊರಲ್ಲಿ ಇದು ನನಗೆ ತಟ್ಟಿರಲಿಲ್ಲ. ಅತ್ತೆ ಇದ್ದರು, ರೊಟ್ಟಿ ಮಾಡಿಕೊಡಲು ಒಬ್ಬರು ಬರುತ್ತಿದ್ದರು, ನಾನು ಬ್ಯಾಂಕ್ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿಗೆ ಹೋದ ಮೇಲೆ ಮೂರೂ ಹೊತ್ತಿನ ಅಡುಗೆ ನನ್ನ ಪಾಲಿಗೇ ಬಂತು. ಅಲ್ಲಿ ಕಿಂಡರ್‌ಗಾರ್ಟನ್‌ಗೆ ಸೇರಿದ ಮಗು ಹೊಂದಿಕೊಳ್ಳುವ ತನಕ ಅಪ್ಪನೋ ಅಮ್ಮನೋ ಜೊತೆಗೆ ಕೂರುವ ಪದ್ಧತಿ ಇದೆ. ಮಗನ ಜೊತೆ ಕೂತವಳು ನಾನು. ಮಗಳು ಮಧ್ಯಾಹ್ನಕ್ಕೇ ಶಾಲೆ ಮುಗಿಸಿ ಬರುತ್ತಿದ್ದಳು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಎಲ್ಲರದೂ ಆದ ಮೇಲೆ ನಾನು ಸಿಂಕ್ ಹತ್ತಿರ ನಿಂತೇ ಉಂಡು ಮುಗಿಸುತ್ತಿದ್ದೆ. ಸೊಂಟನೋವು, ಸುಸ್ತು, ಕತ್ತಲಾದರೆ ಸುಮ್ನೆ ಅಳು.

ರಜೆಗೆ ಬಂದಾಗ ಕಾಕು ರೊಟ್ಟಿ ಎಣಿಸುತ್ತಾ ಕೇಳಿದರು, "ಅಲ್ಲೆ ನೀ ಯಾವಾಗ ಉಣ್ತಿ?" ಮಕ್ಕಳು ಏನು ತಿಂತಾರೆ, ಗಂಡ ಏನು ತಿಂತಾರೆ ಅಂತ ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಗಿ ನವನಗರಕ್ಕೆ ಬಂದವರು ಅವರು. ಹೊಸ ಮನೆಗೆ ಬಂದ ಹೊಸದರಲ್ಲಿ ಎಲ್ಲರಿಗೂ ಮಾಡಿ ಹಾಕಿದ್ದು ನೆನಪಿದೆ, ತಾವು ಉಂಡಿದ್ದು ನೆನಪಿಲ್ಲ ಅಂದರು. ಆ ಸಲ ನಾನು ಕೇಳಿದ್ದಕ್ಕಿಂತ ಒಂದು ಕಟ್ಟು ಜಾಸ್ತಿ ಕಟ್ಟಿದರು. ದುಡ್ಡು ತಗೊಂಡೇ ಕಟ್ಟಿದರು, ಅದೂ ಸರಿಯೇ.

ಈಗ ವಾರದಲ್ಲಿ ಮೂರು ರಾತ್ರಿ ನಮ್ಮಲ್ಲಿ ಇದೇ ಊಟ. ಡಬ್ಬಿ ಟೇಬಲ್ ಮೇಲೆ ಬರುತ್ತದೆ. ಗಂಡ ತಾಟು ಇಡುತ್ತಾರೆ, ಮಗಳು ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚುತ್ತಾಳೆ. ನಾಲ್ಕೂ ಜನ ಒಟ್ಟಿಗೆ ಕೂರುತ್ತೇವೆ. ಅಲ್ಲಿ ಕ್ವಾರ್ಕ್ ಅಂತ ಸಿಗುತ್ತದೆ, ನೀರು ಬಸಿದ ಗಟ್ಟಿ ಮೊಸರಿನ ಹಾಗೆ. ಮಗಳು ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ, ಎರಡು ಹನಿ ಎಣ್ಣೆ ಬಿಟ್ಟು, ರೊಟ್ಟಿ ಚೂರಿನಿಂದ ಬಳಿದು ತಿನ್ನುತ್ತಾಳೆ. ಮಗ ಜರ್ಮನ್ನರ ಬೇಳೆ ಸೂಪಿಗೆ ರೊಟ್ಟಿ ಮುರಿದು ಹಾಕಿ ನೆನೆಸಿಕೊಂಡು ಉಣ್ಣುತ್ತಾನೆ. ಅದನ್ನು ನಾನು ಹೇಳಿಕೊಟ್ಟಿದ್ದಲ್ಲ.

ಉಳಿದ ಹೊತ್ತು ನನ್ನದು. ಸಂಜೆ ಜರ್ಮನ್ ಕ್ಲಾಸಿಗೆ ಹೋಗುತ್ತೇನೆ. ಅಲ್ಲಿನ ಇಂಟಿಗ್ರೇಷನ್ ಕೋರ್ಸ್‌ನಲ್ಲಿ 600 ಪಿರಿಯಡ್ ಭಾಷೆ, 100 ಪಿರಿಯಡ್ ಆ ದೇಶದ ಕಾನೂನು, ಇತಿಹಾಸ, ಬದುಕು. ಒಲೆ ಮುಂದೆ ನಿಂತಿದ್ದರೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಶನಿವಾರ ಈಜಲು ಹೋಗುತ್ತೇನೆ, ಸೊಂಟಕ್ಕೂ ಒಳ್ಳೆಯದಾಗಿದೆ. ಹೀಗೆ ಹೊರಗೆ ಹೋದ ದಿನ ನಾನು ಬರುವಷ್ಟರಲ್ಲಿ ಮೂವರೂ ಉಂಡಿರುತ್ತಾರೆ, ಯಾರೂ ಕಾಯುವುದಿಲ್ಲ. ಇದು ನನಗೆ ತುಂಬಾ ಸಮಾಧಾನದ ವಿಷಯ.

ಹಿಂಡಿಗಳಲ್ಲಿ ನನ್ನ ಮೊದಲ ಆಯ್ಕೆ ಗುರೆಳ್ಳು. ಹದವಾಗಿ ಹುರಿದಿರುತ್ತಾರೆ, ಕಹಿ ಇಲ್ಲ. ಶೇಂಗಾ ಹಿಂಡಿಯನ್ನು ಒರಳಲ್ಲಿ ಕುಟ್ಟುತ್ತಾರೆ, ಹಾಗಾಗಿ ಕಾಳಿನ ಎಣ್ಣೆ ಬಿಟ್ಟುಕೊಂಡು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗುತ್ತದೆ. ಬೆಳ್ಳುಳ್ಳಿ ಅಲ್ಲಲ್ಲಿ ಹಲ್ಲಿಗೆ ಸಿಗುತ್ತದೆ. ಅಗಸಿ ಹಿಂಡಿಗೆ ಮಾತ್ರ ಉಪ್ಪು ಜಾಸ್ತಿ, ಹೇಳಿದರೆ ಕಡಿಮೆ ಹಾಕಿ ಕೊಡುತ್ತಾರೆ. ಶೇಂಗಾ, ಅಗಸಿ ಎರಡೂ ಹೊರಗೆ ತುಂಬಾ ದಿನ ಇಟ್ಟರೆ ಎಣ್ಣೆ ಕಮಟು ಬರುತ್ತದೆ. ಸಣ್ಣ ಸಣ್ಣ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಡಿ.

ಕೊರತೆಗಳೂ ಇವೆ. ಪ್ಯಾಕಿಂಗ್ ಚೆನ್ನಾಗಿಲ್ಲ. ತೆಳು ಪ್ಲಾಸ್ಟಿಕ್ ಚೀಲದಲ್ಲಿ 25 ರೊಟ್ಟಿಯ ಕಟ್ಟು ಕೊಡುತ್ತಾರೆ, ವಿಮಾನದ ಬ್ಯಾಗಿಗೆ ಹಾಗೇ ಹಾಕಿದರೆ ಪುಡಿ ಪುಡಿ. ಅಗಲ ಸ್ಟೀಲ್ ಡಬ್ಬಿ ನೀವೇ ಒಯ್ದು ಕೊಟ್ಟರೆ ಅದರಲ್ಲೇ ಜೋಡಿಸಿ ಕೊಡುತ್ತಾರೆ. ಬೆಲೆ ಪೇಟೆಗಿಂತ ಸ್ವಲ್ಪ ಹೆಚ್ಚು, ನನಗದು ದುಬಾರಿ ಅನ್ನಿಸಿಲ್ಲ. ಪರದೇಶಕ್ಕೆ ಕೊರಿಯರ್ ಮಾಡುವುದಿಲ್ಲ. ಫೋನ್ ಎತ್ತುವುದು ಮಧ್ಯಾಹ್ನ ಮೇಲೆಯೇ, ಬೆಳಿಗ್ಗೆ ಎಲ್ಲರ ಕೈ ಹಿಟ್ಟಿನಲ್ಲಿರುತ್ತದೆ.

ಯುರೋಪಿಗೆ ಹೋಗುವವರು ಗಮನಿಸಿ. ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ, ಬೆಳಗಾವಿ ಕುಂದಾ ಇಲ್ಲೇ ತಿಂದು ಹೊರಡಿ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು. ಒಣ ರೊಟ್ಟಿ, ಹಿಂಡಿಗೆ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಹಿಂಡಿಯಲ್ಲಿ ಖಾರ ಇರುವುದರಿಂದ ಅದನ್ನು ಕೈಚೀಲಕ್ಕಲ್ಲ, ದೊಡ್ಡ ಬ್ಯಾಗಿಗೆ ಹಾಕಿ. ಹೊರಡುವ ವಾರ ಮೊದಲೇ ಹೇಳಿಡಿ. ಸಂಕ್ರಾಂತಿ ಹತ್ತಿರ ಇದ್ದರೆ ಇನ್ನೂ ಬೇಗ ಹೇಳಬೇಕು, ಆಗ ಸಜ್ಜಿ ರೊಟ್ಟಿಗೆ ಊರೇ ಸಾಲು ಹಚ್ಚಿರುತ್ತದೆ.