ಎರಡನೇ ಸಲ ತೆರೆಯುವ ಪುಸ್ತಕ: ಬೇಸಾಯದ ಕೈಪಿಡಿ, ನಿಘಂಟು, ನಗೆಬರಹಗಳ ಹೋಲಿಕೆ

ಕಾದಂಬರಿಯನ್ನು ಒಂದು ಸಲ ಓದಿ ಪಕ್ಕಕ್ಕಿಟ್ಟರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ತಾಂತ್ರಿಕ ಪುಸ್ತಕ, ಪರಾಮರ್ಶನ ಗ್ರಂಥ, ಹಾಸ್ಯ ಈ ಮೂರಕ್ಕೆ ಆ ಲೆಕ್ಕ ಒಪ್ಪುವುದಿಲ್ಲ. ಇವನ್ನು ಕೊಳ್ಳುವುದೇ ಮತ್ತೆ ಮತ್ತೆ ತೆರೆಯಲಿಕ್ಕೆ. ಎರಡನೇ ಸಲ ತೆರೆದಾಗ ಕೈಹಿಡಿಯದಿದ್ದರೆ ಮೊದಲ ಸಲ ಎಷ್ಟು ಚೆನ್ನಾಗಿ ಕಂಡಿದ್ದರೂ ಪ್ರಯೋಜನವಿಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಮನೆಗೋ ಊರಿನ ಗ್ರಂಥಾಲಯಕ್ಕೋ ಪುಸ್ತಕ ಆರಿಸುವವರಿಗಾಗಿ, ಒಂದೇ ಕೆಲಸದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಆ ಕೆಲಸಕ್ಕೆ ಹಚ್ಚಿ ನೋಡಿದ ಹೋಲಿಕೆ ಇದು.

ಮೆಕ್ಕೆಜೋಳದ ಪುಸ್ತಕಗಳು

ನಮ್ಮ ಕಡೆಯ ಮುಖ್ಯ ಬೆಳೆ ಮೆಕ್ಕೆಜೋಳ. ಅದರ ಬಗ್ಗೆ ಕೈಗೆ ಸಿಗುವ ಪುಸ್ತಕ ಮೂರು ಬಗೆ. ಕೃಷಿ ವಿಶ್ವವಿದ್ಯಾಲಯಗಳು ಪ್ರಕಟಿಸುವ ಬೇಸಾಯ ಕ್ರಮಗಳ ಕೈಪಿಡಿ ಒಂದು. ಗೊಬ್ಬರದ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಕಂಪನಿಗಳ ಪುಸ್ತಿಕೆ ಇನ್ನೊಂದು. ಸಾಧಕ ರೈತರನ್ನು ಪರಿಚಯಿಸುವ ಪುಸ್ತಕ ಮೂರನೆಯದು. ಓದಲು ಸೊಗಸು ಮೂರನೆಯದೇ. ಆದರೆ ಎಕರೆಗೆ ಇಷ್ಟು ಕ್ವಿಂಟಲ್ ಬಂತು ಎಂದು ಹೇಳಿ, ಅದು ಎರೆ ಭೂಮಿಯೋ ಕೆಂಪು ಮಣ್ಣೋ, ಭದ್ರಾ ನಾಲೆಯ ನೀರೋ ಮಳೆಯಾಶ್ರಯವೋ, ತೂಗಿದ್ದು ಹಸಿ ಕಾಳೋ ಒಣಗಿದ್ದೋ ಎಂಬುದನ್ನು ಬಿಟ್ಟರೆ ಆ ಅಂಕಿ ಯಾರ ಹೊಲಕ್ಕೂ ಹೊಂದುವುದಿಲ್ಲ. ಕಂಪನಿಯ ಪುಸ್ತಿಕೆಯಲ್ಲಿ ರೋಗ, ಹುಳುಗಳ ಬಣ್ಣದ ಚಿತ್ರ ಚೆನ್ನಾಗಿರುತ್ತವೆ. ಹುಳು ಗುರುತಿಸಲು ಅದನ್ನು ಇಟ್ಟುಕೊಳ್ಳಬೇಕು. ಔಷಧಿ ಆರಿಸಲು ಅದೊಂದೇ ಸಾಲದು. ಅದರಲ್ಲಿ ಪ್ರತಿ ರೋಗಕ್ಕೂ ಆ ಕಂಪನಿಯ ಡಬ್ಬವೇ ಮದ್ದು.

ಉಳಿದದ್ದು ವಿಶ್ವವಿದ್ಯಾಲಯದ ಕೈಪಿಡಿ. ಭಾಷೆ ಒಣಕಲು, ಪುಟ ತುಂಬ ಕೋಷ್ಟಕ. ಆದರೂ ನಾಲ್ಕು ವರ್ಷ ಬಿಟ್ಟು ತೆರೆದರೂ ಕೆಲಸಕ್ಕೆ ಬರುವುದು ಇದೊಂದೇ. ಏಕೆಂದರೆ ಇದರ ಅಂಕಿಗಳನ್ನು ಓದುಗ ತಾನೇ ತಾಳೆ ನೋಡಬಹುದು. ಸಾಲಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಎಂದಿದ್ದರೆ ಒಂದು ಗಿಡಕ್ಕೆ 0.18 ಚದರ ಮೀಟರ್ ಜಾಗ. ಹೆಕ್ಟೇರಿನ 10,000 ಚದರ ಮೀಟರನ್ನು ಅದರಿಂದ ಭಾಗಿಸಿದರೆ ಸುಮಾರು 55,555 ಗಿಡ, ಎಕರೆಗೆ ಸುಮಾರು 22,500. ಪುಸ್ತಕದಲ್ಲಿ ಕೊಟ್ಟ ಗಿಡಗಳ ಸಂಖ್ಯೆ ಇದಕ್ಕೆ ಹೊಂದದಿದ್ದರೆ ಅಚ್ಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಂತು ಮಾಡಬಹುದಾದ ಲೆಕ್ಕ ಇದು.

ಗೊಬ್ಬರದ ಲೆಕ್ಕದಲ್ಲಿ ಒಳ್ಳೆಯ ಪುಸ್ತಕ, ಅರೆಬರೆ ಪುಸ್ತಕ ಬೇರೆಯಾಗುತ್ತವೆ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100:50:25 ಕೆ.ಜಿ. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಶಿಫಾರಸು ಬಹಳ ಪುಸ್ತಕಗಳಲ್ಲಿದೆ. ಎಕರೆಗೆ ಇಳಿಸಿದರೆ ಹೆಚ್ಚು ಕಡಿಮೆ 40:20:10. ಇಲ್ಲಿಗೇ ನಿಲ್ಲಿಸುವ ಪುಸ್ತಕ ರೈತನನ್ನು ಅರ್ಧ ದಾರಿಯಲ್ಲಿ ಬಿಟ್ಟಂತೆ, ಏಕೆಂದರೆ ಅಂಗಡಿಯಲ್ಲಿ ಸಿಗುವುದು ಬರೀ ರಂಜಕವಲ್ಲ, ಡಿಎಪಿ ಎಂಬ ಗೊಬ್ಬರ. ಅದರಲ್ಲಿ ರಂಜಕ ಶೇ 46. ಹಾಗಾಗಿ 20 ಕೆ.ಜಿ. ರಂಜಕಕ್ಕೆ ಸುಮಾರು 43.5 ಕೆ.ಜಿ. ಡಿಎಪಿ ಬೇಕು. ಡಿಎಪಿಯಲ್ಲಿ ಶೇ 18 ಸಾರಜನಕವೂ ಇದೆ, ಅಂದರೆ 8 ಕೆ.ಜಿ. ಹತ್ತಿರ ಸಾರಜನಕ ಅದರಿಂದಲೇ ಬಂದುಹೋಯಿತು. ಇದನ್ನು 40ರಲ್ಲಿ ಕಳೆದು, ಉಳಿದ 32 ಕೆ.ಜಿ.ಗೆ ಮಾತ್ರ ಯೂರಿಯಾ. ಶೇ 46ರ ಲೆಕ್ಕದಲ್ಲಿ ಸುಮಾರು 70 ಕೆ.ಜಿ. ಈ ಕಳೆಯುವ ಹೆಜ್ಜೆ ತೋರಿಸದ ಪುಸ್ತಕ ನಂಬಿದವರು 87 ಕೆ.ಜಿ. ಹಾಕುತ್ತಾರೆ. ಎಕರೆಗೆ 17 ಕೆ.ಜಿ. ಯೂರಿಯಾ ದಂಡ. ಅದಕ್ಕಿಂತ ಹೆಚ್ಚಾಗಿ ಬೆಳೆ ಮೆತ್ತಗೆ ಬೆಳೆದು ಗಾಳಿಗೆ ಒರಗುತ್ತದೆ. ಪೊಟ್ಯಾಷ್ ಗೊಬ್ಬರ ಶೇ 60ರದ್ದಾದ್ದರಿಂದ 17 ಕೆ.ಜಿ. ಸಾಕು.

ಇನ್ನೂ ಮುಂದೆ ಹೋಗುವ ಪುಸ್ತಕ ಯಾವಾಗ, ಹೇಗೆ ಎಂಬುದನ್ನೂ ಹೇಳುತ್ತದೆ. ಸಾರಜನಕದಲ್ಲಿ ಅರ್ಧ ಬಿತ್ತುವಾಗ, ಉಳಿದರ್ಧ ತಿಂಗಳ ಹೊತ್ತಿಗೆ, ಪೈರು ಮೊಣಕಾಲೆತ್ತರ ಬಂದಾಗ, ಮಣ್ಣು ಏರಿಸುವ ಮುಂಚೆ. ಮೇಲುಗೊಬ್ಬರಕ್ಕೆ ಹೀಗೆ 43 ಕೆ.ಜಿ. ಯೂರಿಯಾ, ಅಂದರೆ ಹತ್ತಿರ ಹತ್ತಿರ ಒಂದು ಚೀಲ. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಬೆರೆಸಬೇಡಿ ಎಂದಷ್ಟೇ ಬರೆದರೆ ಓದಿದವರು ಮರೆಯುತ್ತಾರೆ. ಸತುವು ರಂಜಕದ ಜೊತೆ ಕೂಡಿ ನೀರಿನಲ್ಲಿ ಕರಗದ ಸಂಯುಕ್ತವಾಗಿ, ಎರಡೂ ಬೇರಿಗೆ ದಕ್ಕುವುದಿಲ್ಲ ಎಂದು ಕಾರಣ ಬರೆದರೆ ಮರೆಯುವುದಿಲ್ಲ.

ಕಾರಣ ಬರೆದ ಪುಸ್ತಕವೂ ಹಳತಾಗುತ್ತದೆ. ಹಳೆಯ ಪುಸ್ತಕದ ಅಂಗಡಿಯಲ್ಲಿ ಕೈಪಿಡಿ ಕಂಡರೆ ಅದರ ವಯಸ್ಸು ತಿಳಿಯಲು ಮುದ್ರಣದ ವರ್ಷವನ್ನಷ್ಟೇ ನಂಬಬಾರದು, ಮರುಮುದ್ರಣದಲ್ಲಿ ವರ್ಷ ಬದಲಾಗಿ ಒಳಗಿನದು ಹಾಗೇ ಉಳಿದಿರುತ್ತದೆ. ಮೂರು ಗುರುತು ಹುಡುಕಿ. ಎಂಡೋಸಲ್ಫಾನ್ ಸಿಂಪಡಿಸಿ ಎಂದಿದ್ದರೆ ಅದು 2011ಕ್ಕೆ ಹಿಂದಿನ ಮಾತು, ಆ ವರ್ಷ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಯೂರಿಯಾವನ್ನು ಚೀಲದ ಲೆಕ್ಕದಲ್ಲಿ ಹೇಳಿದ್ದರೆ ಎಚ್ಚರ. 2018ರಿಂದ ಯೂರಿಯಾ ಚೀಲ 50 ಕೆ.ಜಿ.ಯಿಂದ 45 ಕೆ.ಜಿ.ಗೆ ಇಳಿದಿದೆ, ಎರಡು ಚೀಲ ಎಂದರೆ 10 ಕೆ.ಜಿ. ಖೋತಾ. ಮೂರನೆಯದು ಬಹಳ ಮುಖ್ಯ: ಫಾಲ್ ಸೈನಿಕ ಹುಳು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2018ರಲ್ಲಿ, ಕರ್ನಾಟಕದಲ್ಲೇ. ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ಸುಳಿ ತಿನ್ನುವ ಹುಳುವೆಂದರೆ ಕಾಂಡ ಕೊರಕವೇ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಆಕಾರದ ಬಿಳಿ ಗೆರೆ, ಬಾಲದ ಕಡೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಎಂಬ ವಿವರ ಇಲ್ಲದ ಮೆಕ್ಕೆಜೋಳದ ಪುಸ್ತಕವನ್ನು ಈಗ ದುಡ್ಡು ಕೊಟ್ಟು ಕೊಳ್ಳಬೇಡಿ.

ಮೋಟಾರ್ ರಿಪೇರಿಯ ಪುಸ್ತಕಗಳಿಗೂ ಇದೇ ಅಳತೆ ಸಲ್ಲುತ್ತದೆ. ಸ್ಟಾರ್ಟರಿನ ವೈರಿಂಗ್ ಚಿತ್ರ ಎಲ್ಲದರಲ್ಲೂ ಇರುತ್ತದೆ. ಇರಬೇಕಾದದ್ದು ದೋಷ, ಕಾರಣ, ಪರಿಹಾರ ಎಂಬ ಕೋಷ್ಟಕ ಮತ್ತು ಅದರ ಜೊತೆ ಅಂಕಿ. ಮೂರು ಫೇಸಿನ ಮೋಟಾರಿಗೆ ಒಂದು ಎಚ್‌ಪಿಗೆ ಸುಮಾರು ಒಂದೂವರೆ ಆಂಪಿಯರ್, ಹಾಗಾಗಿ 5 ಎಚ್‌ಪಿಗೆ ಏಳೆಂಟು ಆಂಪಿಯರ್ ಎಂದು ಬರೆದಿದ್ದರೆ ಆಂಪ್ ಮೀಟರ್ ನೋಡಿದ ಕೂಡಲೇ ಮೋಟಾರಿನ ಸ್ಥಿತಿ ತಿಳಿಯುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ ಉಳಿದೆರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಸುಡುತ್ತದೆ. ಇದನ್ನು ಹೇಳದ ಪುಸ್ತಕದಿಂದ ಕೊಳವೆಬಾವಿ ಇರುವ ಮನೆಗೆ ಉಪಯೋಗವಿಲ್ಲ.

ನಿಘಂಟು ಮತ್ತು ಪರಾಮರ್ಶನ ಗ್ರಂಥಗಳು

ಇಲ್ಲಿ ಪಕ್ಕಪಕ್ಕ ಇಟ್ಟದ್ದು ನಾಲ್ಕು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಅದೇ ಪರಿಷತ್ತಿನ ಒಂದೇ ಸಂಪುಟದ ಸಂಕ್ಷಿಪ್ತ ನಿಘಂಟು, ಮತ್ತು ವಿ. ಕೃಷ್ಣ ಅವರು ದಶಕಗಳ ಕಾಲ ಕಟ್ಟಿದ, 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿರುವ 'ಅಲರ್'.

ಹುಡುಕಾಟದ ವೇಗದಲ್ಲಿ ಅಲರ್‌ಗೆ ಸಾಟಿಯಿಲ್ಲ. ಒಂದೂವರೆ ಲಕ್ಷ ಪದ, ಫೋನಿನಲ್ಲಿ ಕ್ಷಣದಲ್ಲಿ ಉತ್ತರ. ಶಾಲೆಯ ಮಕ್ಕಳಿಗೆ, ಅನುವಾದ ಮಾಡುವವರಿಗೆ ಮೊದಲ ಆಯ್ಕೆ ಅದೇ. ಒಂದು ಪದ ಯಾವ ಕಾಲದಲ್ಲಿ, ಯಾರ ಬರಹದಲ್ಲಿ, ಯಾವ ಅರ್ಥದಲ್ಲಿ ಬಂತು ಎಂದು ಕೇಳಿದರೆ ಮಾತ್ರ ಪರಿಷತ್ತಿನ ಎಂಟು ಸಂಪುಟಗಳಿಗೇ ಹೋಗಬೇಕು. ಅಲ್ಲಿ ಅರ್ಥದ ಕೆಳಗೆ ಶಾಸನ, ಕಾವ್ಯ, ವಚನಗಳ ಸಾಲುಗಳೇ ಸಾಕ್ಷಿಯಾಗಿ ನಿಂತಿವೆ. ಮನೆಗೆ ಎಂಟು ಸಂಪುಟ ದೊಡ್ಡದಾಯಿತು, ಕಾಲೇಜಿನ ಗ್ರಂಥಾಲಯಕ್ಕೆ ಅದಿಲ್ಲದೆ ನಡೆಯದು. ಸಂಕ್ಷಿಪ್ತ ನಿಘಂಟು ಕಾಗುಣಿತ ನೋಡಿಕೊಳ್ಳಲು, ಪತ್ರ ಬರೆಯುವಾಗ ಕೈಗೆ ಸಿಗಲು. ಅದಕ್ಕಿಂತ ಹೆಚ್ಚು ಕೇಳಬಾರದು.

ಕಿಟ್ಟೆಲ್ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಹೊಸಬರು ಅದನ್ನು ತೆರೆದು ಪದ ಸಿಗಲಿಲ್ಲವೆಂದು ಮುಚ್ಚಿಬಿಡುತ್ತಾರೆ. ಸುಮಾರು 70,000 ಪದ ಅದರಲ್ಲಿವೆ, ರೈತಾಪಿ ಪದಗಳ ಖಜಾನೆ ಅದು. ಆದರೆ ಸೊನ್ನೆ ಇರುವ ಕಡೆ ಕಿಟ್ಟೆಲ್ ಮುಂದಿನ ಅಕ್ಷರದ ವರ್ಗದ ಅನುನಾಸಿಕವನ್ನೇ (ಙ, ಞ, ಣ, ನ, ಮ) ಬರೆಯುತ್ತಾರೆ. ಹೊಲದಲ್ಲಿ ಹೊಡೆಯುವ ಕುಂಟೆಯನ್ನು ಅಲ್ಲಿ ಕುಣ್ಟೆ ಎಂದು ಹುಡುಕಬೇಕು, ಅಂಗಡಿಯನ್ನು ಅಙ್ಗಡಿ ಎಂದು. ಹಕಾರದ ಪದದಲ್ಲಿ ಪೂರ್ತಿ ವಿವರ ಕಾಣದಿದ್ದರೆ ಪಕಾರಕ್ಕೆ ತಿರುಗಿ, ಹಾಲಿನ ಹಳೆಯ ರೂಪ ಪಾಲ್ ಇದ್ದ ಹಾಗೆ. ಳಕಾರವನ್ನು ಲಕಾರದ ಪಕ್ಕ ಹುಡುಕುವ ತಪ್ಪು ಯಾವ ಕನ್ನಡ ನಿಘಂಟಿನಲ್ಲೂ ಮಾಡಬಾರದು, ಅದು ಹಕಾರ ಮುಗಿದ ಮೇಲೆ ಬರುತ್ತದೆ. ಇಷ್ಟು ಗೊತ್ತಾದರೆ ಕೂರಿಗೆ, ಕುಂಟೆಯಂಥ ಪದಗಳ ಮುಂದೆ ಅರ್ಥವೂ, ಅಕ್ಕಪಕ್ಕದ ದ್ರಾವಿಡ ನುಡಿಗಳ ರೂಪವೂ, ಹಲವು ಕಡೆ ಗಾದೆಗಳೂ ಸಿಗುತ್ತವೆ. ಮೈಸೂರು ಕಡೆಯ ಬಳಕೆಯೋ, ಆಗಿನ ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆಯ ಬಳಕೆಯೋ ಎಂಬ ಗುರುತನ್ನೂ ಅವರು ಹಾಕಿದ್ದಾರೆ. ಎರಡರ ನಡುವೆ ಕೂತ ದಾವಣಗೆರೆ ಮಾತಿಗೆ ಇದು ತುಂಬ ಬೆಲೆಯುಳ್ಳ ಮಾಹಿತಿ. ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಚಿಕ್ಕ ಅಕ್ಷರವಾದ್ದರಿಂದ ಫೋನಿಗಿಂತ ಕಂಪ್ಯೂಟರ್ ಲೇಸು.

ವಿಶ್ವಕೋಶ, ಗೆಜೆಟಿಯರ್, ಜಿಲ್ಲಾ ದರ್ಶನದಂಥ ಪುಸ್ತಕಗಳ ವಯಸ್ಸು ತಿಳಿಯಲು ನಮ್ಮ ಜಿಲ್ಲೆಯೇ ಒಳ್ಳೆಯ ಒರೆಗಲ್ಲು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಾಗಾಗಿ ಹರಪನಹಳ್ಳಿ ಎಂಬ ನಮೂದನ್ನು ಮೊದಲು ತೆರೆಯಿರಿ. ಅದು ದಾವಣಗೆರೆ ಜಿಲ್ಲೆಯಲ್ಲಿದೆ ಎಂದು ಹೊಸ ಮುದ್ರಣದ ಪುಸ್ತಕ ಹೇಳಿದರೆ, ಜನಸಂಖ್ಯೆ, ವಿಸ್ತೀರ್ಣ, ತಾಲ್ಲೂಕುಗಳ ಪಟ್ಟಿ ಯಾವುದೂ ತಿದ್ದಿದ್ದಲ್ಲ ಎಂದೇ ಅರ್ಥ.

ಹಳತಾದರೂ ಸವೆಯದ ಗ್ರಂಥಗಳಿವೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೇ ಸಂಪುಟ ಆಗಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳೂ ಅದರಲ್ಲಿವೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟಿದೆ. ಈಗಿನ ನಕ್ಷೆ ಮನಸ್ಸಿನಲ್ಲಿಟ್ಟುಕೊಂಡು ಹರಿಹರ ಎಂದು ಹುಡುಕಿದರೆ ದಾರಿ ತಪ್ಪುತ್ತದೆ. ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಕೆಳಗಿವೆ.

ನಗೆಬರಹ

ಹಾಸ್ಯಕ್ಕೆ ಪರೀಕ್ಷೆ ಒಂದೇ: ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದುವುದು, ಮತ್ತು ಕೆಲವು ದಿನ ಬಿಟ್ಟು ಅದೇ ಪುಟವನ್ನು ಇನ್ನೊಮ್ಮೆ ಓದುವುದು. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಜೋಕುಗಳ ಪುಸ್ತಕ ಎರಡನೇ ಓದಿನಲ್ಲೇ ಸೋಲುತ್ತದೆ. ಅಲ್ಲಿ ನಗು ಇರುವುದು ಕೊನೆಯ ಸಾಲಿನ ತಿರುವಿನಲ್ಲಿ ಮಾತ್ರ, ಅದು ಗೊತ್ತಾದ ಮೇಲೆ ಮೇಲಿನ ಸಾಲುಗಳಿಗೆ ಜೀವವಿಲ್ಲ. ಬೇರೆ ಭಾಷೆಯಿಂದ ತಂದು ಹೆಸರು ಬದಲಿಸಿದ್ದೂ ತಕ್ಷಣ ಗೊತ್ತಾಗುತ್ತದೆ. ಆಡುವ ಮಾತು ಯಾವ ಊರಿನದೂ ಆಗಿರುವುದಿಲ್ಲ.

ನಾ. ಕಸ್ತೂರಿಯವರ 'ಅನರ್ಥಕೋಶ' ನಿಘಂಟಿನ ರೂಪದ ಹಾಸ್ಯ. ಸಾಲು ಚಿಕ್ಕದು, ಮೊನೆ ಚೂಪು, ಎಲ್ಲಿ ತೆರೆದರೂ ಓದಬಹುದು. ಆದರೆ ಒಂದೇ ಉಸಿರಿಗೆ ಹತ್ತಿಪ್ಪತ್ತು ಪದ ಓದಿದರೆ ಕಿವಿ ಮಂದವಾಗುತ್ತದೆ. ಅಚ್ಚು ಒಂದೇ ಆದ್ದರಿಂದ ಮುಂದಿನದು ಹೇಗೆ ತಿರುಗುತ್ತದೆಂದು ಮನಸ್ಸು ಮೊದಲೇ ಊಹಿಸುತ್ತದೆ. ದಿನಕ್ಕೆ ಐದಾರು ಪದ ಸಾಕು. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಪತ್ರಿಕೆಯ ಬಗೆಯ ಪ್ರಬಂಧಗಳು ಇದಕ್ಕೆ ವಿರುದ್ಧ. ಮೊದಲ ಒಂದೆರಡು ಪುಟ ನಿಧಾನ, ಅಂಗಡಿಯಲ್ಲಿ ಹಾಳೆ ತಿರುವಿ ಬೆಲೆ ಕಟ್ಟಲಾಗದು. ಕೂತು ಓದಿದರೆ ನಗು ಬರುವುದು ಮನುಷ್ಯರ ಸ್ವಭಾವದಿಂದ, ಅದು ಎರಡನೇ ಓದಿಗೂ ಉಳಿಯುತ್ತದೆ. ಹಳೆ ಮೈಸೂರಿನ ನಗರದ ಮನೆಮಾತು, ಕಚೇರಿಯ ಇಂಗ್ಲಿಷ್ ಬೆರೆತ ಭಾಷೆ ಮಾತ್ರ ನಮ್ಮ ಕಡೆಯ ಕೇಳುಗರಿಗೆ ಒಂದೊಂದು ಕಡೆ ತಡೆಯುತ್ತದೆ.

ಬೀಚಿ ಇಲ್ಲಿ ಸಲೀಸಾಗಿ ಓಡುತ್ತಾರೆ. ಅವರು ಹುಟ್ಟಿದ್ದೇ ಹರಪನಹಳ್ಳಿಯಲ್ಲಿ, 1913ರಲ್ಲಿ. ಅವರ ನಗೆಬರಹದ ಪಾತ್ರ ತಿಮ್ಮನ ಮಾತು ದಾವಣಗೆರೆ ಕಟ್ಟೆಯ ಮೇಲೆ ಕೂತವರ ಬಾಯಿಗೆ ಹೊರಳುತ್ತದೆ, ಓದುವವರು ತಡವರಿಸುವುದಿಲ್ಲ. ತಿಮ್ಮನ ಚಿಕ್ಕ ಚಿಕ್ಕ ಪ್ರಸಂಗಗಳು ಸಭೆಗೆ ಒಪ್ಪುತ್ತವೆ. ಒಬ್ಬರೇ ಓದಲು ಅವರ ಆತ್ಮಕತೆ 'ನನ್ನ ಭಯಾಗ್ರಫಿ' ಮೇಲು. ಅಲ್ಲಿ ನಗುವಿನ ಕೆಳಗೆ ಬಡತನದ ಬಾಲ್ಯವಿದೆ, ಆದ್ದರಿಂದ ಮತ್ತೆ ಓದಿದಾಗ ಮೊದಲು ನಗಿಸಿದ ಸಾಲೇ ಬೇರೆಯಾಗಿ ತಟ್ಟುತ್ತದೆ. ಒಂದೇ ಕೊಳ್ಳಲು ದುಡ್ಡಿದ್ದರೆ ಇದನ್ನು ಕೊಳ್ಳಿ.

ಹಳೆಯ ಹಾಸ್ಯವನ್ನು ಮಕ್ಕಳ ಮುಂದೆ ಓದುವವರು ಒಂದು ತಯಾರಿ ಮಾಡಿಕೊಳ್ಳಬೇಕು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅದಕ್ಕೆ ಹಿಂದಿನ ಬರಹದಲ್ಲಿ ಆಣೆ, ಕಾಸು, ಸೇರಿನ ಲೆಕ್ಕದ ಮೇಲೆ ನಿಂತ ನಗು ಬಹಳ. ರೂಪಾಯಿಗೆ 16 ಆಣೆ ಎಂದು ಓದು ಶುರುವಾಗುವ ಮುಂಚೆಯೇ ಹೇಳಿಬಿಡಿ, ನಡುವೆ ನಿಲ್ಲಿಸಿ ವಿವರಿಸಿದರೆ ನಗು ಸತ್ತುಹೋಗುತ್ತದೆ. ಮರುಮುದ್ರಣ ಕೊಳ್ಳುವಾಗ ಮೂಲದ ಚಿತ್ರಗಳು ಉಳಿದಿವೆಯೇ ನೋಡಿ. ಚಿತ್ರಕ್ಕೆಂದೇ ಬರೆದ ಸಾಲುಗಳು ಚಿತ್ರವಿಲ್ಲದೆ ಅಚ್ಚಾದಾಗ, ಓದುವವರಿಗೆ ಏನು ಬಿಟ್ಟುಹೋಗಿದೆ ಎಂಬುದೂ ತಿಳಿಯುವುದಿಲ್ಲ.