ಡೈಸನ್ ವಿ15 ಡಿಟೆಕ್ಟ್: ಖಾಲಿ ಡಬ್ಬಿಯ ಲೆಕ್ಕ, ತುಂಬಿದ ಡಬ್ಬಿಯ ಲೆಕ್ಕ

ಡೈಸನ್ ಕಂಪನಿಯ ತಂತಿಯಿಲ್ಲದ ವ್ಯಾಕ್ಯೂಮ್ ಕ್ಲೀನರ್ ವಿ15 ಡಿಟೆಕ್ಟ್ ಜಾಹೀರಾತಿನಲ್ಲಿ ಎರಡು ಸಂಖ್ಯೆಗಳು ಕಣ್ಣಿಗೆ ಹೊಡೆಯುತ್ತವೆ: 240 ಏರ್‌ವ್ಯಾಟ್ ಸೆಳೆತ, 60 ನಿಮಿಷದ ಓಟ. ಎರಡೂ ಸುಳ್ಳಲ್ಲ. ಆದರೆ ಎರಡೂ ಒಂದೇ ಹೊತ್ತಿಗೆ ಸಿಗುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು.

ಈ ವರ್ಗದ ಬ್ಯಾಟರಿ 25.2 ವೋಲ್ಟ್‌ನದು. ಸಾಮರ್ಥ್ಯವನ್ನು 3.6 ಆಂಪಿಯರ್-ಅವರ್ ಎಂದು ಹಿಡಿಯಿರಿ. ಗುಣಿಸಿದರೆ ಸುಮಾರು 90 ವ್ಯಾಟ್-ಅವರ್ ಆಯಿತು. ಅದನ್ನು 60 ನಿಮಿಷ ಎಳೆಯಬೇಕೆಂದರೆ ಯಂತ್ರ ಸರಾಸರಿ 90 ವ್ಯಾಟ್ ಮಾತ್ರ ಬಳಸಬೇಕು. ಏರ್‌ವ್ಯಾಟ್ ಎಂದರೆ ಹೊರಗೆ ಸಿಗುವ ಕೆಲಸ, ಅಂದರೆ ಗಾಳಿಯ ಒತ್ತಡದ ವ್ಯತ್ಯಾಸವನ್ನು ಹರಿವಿನಿಂದ ಗುಣಿಸಿದ ಮೊತ್ತ. ಮೋಟಾರಿನಲ್ಲಿ ಒಂದಿಷ್ಟೂ ನಷ್ಟವಿಲ್ಲ ಎಂದುಕೊಂಡರೂ 240 ಏರ್‌ವ್ಯಾಟ್‌ಗೆ ಆ ಬ್ಯಾಟರಿ 22 ನಿಮಿಷ ಮಾತ್ರ ಬರುತ್ತದೆ. ನಿಜವಾದ ಮೋಟಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿ ಮತ್ತು ಸದ್ದಾಗಿ ಹೋಗುತ್ತದೆ. ಹಾಗಾಗಿ ಅತಿ ಹೆಚ್ಚು ಸೆಳೆತ ಕೊಡುವ ಬೂಸ್ಟ್‌ನಲ್ಲಿ ಹತ್ತು ನಿಮಿಷದೊಳಗೇ ಬ್ಯಾಟರಿ ಮುಗಿಯುತ್ತದೆ. 60 ನಿಮಿಷ ಬರುವುದು ಅತಿ ಕಡಿಮೆ ಸೆಳೆತದ ಇಕೋದಲ್ಲಿ. ಕಾರ್ಪೆಟ್ಟಿನ ಮೇಲೆ, ಸೆಳೆತವನ್ನು ತಾನೇ ಹೊಂದಿಸಿಕೊಳ್ಳುವ ಆಟೋದಲ್ಲಿಟ್ಟು ಮೋಟಾರು ಇರುವ ಬ್ರಷ್ ಹೆಡ್ ಹಾಕಿದರೆ ಸಮಯ ಇನ್ನೂ ಇಳಿಯುತ್ತದೆ, ಏಕೆಂದರೆ ಹೆಡ್ಡಿನ ಮೋಟಾರಿಗೂ ಅದೇ ಬ್ಯಾಟರಿ.

ಈ ಕಂಪನಿಯ ಸುತ್ತ ವರ್ಷಾನುಗಟ್ಟಲೆ ನಡೆದ ಜಾಹೀರಾತು ಜಗಳಗಳನ್ನು ಓದುವಾಗಲೂ ಇದೇ ಲೆಕ್ಕ ಕೈಯಲ್ಲಿರಬೇಕು. ಬಹುತೇಕ ಪ್ರತಿ ಜಗಳದ ಬುಡದಲ್ಲೂ ಇರುವ ಪ್ರಶ್ನೆ ಒಂದೇ: ಈ ಸಂಖ್ಯೆಯನ್ನು ಯಾವ ಸ್ಥಿತಿಯಲ್ಲಿ ಅಳೆದದ್ದು? ಖಾಲಿ ಡಬ್ಬಿಯಲ್ಲೋ, ಧೂಳು ತುಂಬಿದ ಡಬ್ಬಿಯಲ್ಲೋ?

ಕಂಪನಿಯ ಸ್ಥಾಪಕ ಜೇಮ್ಸ್ ಡೈಸನ್ ಮಾಡಿದ ಮೂಲ ಕೆಲಸ ದೊಡ್ಡದು, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಚೀಲದ ಯಂತ್ರದಲ್ಲಿ ಗಾಳಿ ಹೊರಹೋಗುವುದು ಚೀಲದ ರಂಧ್ರಗಳ ಮೂಲಕವೇ. ಸಣ್ಣ ಧೂಳು ಆ ರಂಧ್ರಗಳನ್ನು ಕಟ್ಟುತ್ತದೆ, ಚೀಲ ಅರ್ಧವೂ ತುಂಬದಿದ್ದಾಗಲೇ ಸೆಳೆತ ಬೀಳುತ್ತದೆ. ಮರದ ಮಿಲ್ಲಿನಲ್ಲಿ ಗಾಳಿಯನ್ನು ಸುಳಿಯಾಗಿ ತಿರುಗಿಸಿ ಹೊಟ್ಟನ್ನು ಅದರಿಂದ ಬೇರ್ಪಡಿಸುವ ದೊಡ್ಡ ಸೈಕ್ಲೋನ್‌ನ ತತ್ವವನ್ನೇ ಅವರು ಮನೆಯ ಯಂತ್ರಕ್ಕೆ ಇಳಿಸಿದರು. ಅದಕ್ಕೆ 5,127 ಮಾದರಿಗಳನ್ನು ಮಾಡಿದರು. ಜಪಾನಿನಲ್ಲಿ ಜಿ-ಫೋರ್ಸ್ ಹೆಸರಿನಲ್ಲಿ 1986ರಲ್ಲಿ, ಬ್ರಿಟನ್ನಿನಲ್ಲಿ ಡಿಸಿ01 ಆಗಿ 1993ರಲ್ಲಿ ಅದು ಮಾರಾಟಕ್ಕೆ ಬಂತು. ಹೂವರ್ ಕಂಪನಿಯ ಟ್ರಿಪಲ್ ವೋರ್ಟೆಕ್ಸ್ ಯಂತ್ರ ಡೈಸನ್ ಅವರ ಸೈಕ್ಲೋನ್ ಪೇಟೆಂಟನ್ನು ಉಲ್ಲಂಘಿಸಿದೆ ಎಂದು ಇಂಗ್ಲೆಂಡಿನ ಹೈಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿತು. ಆ ಗೆಲುವು ನ್ಯಾಯವಾದದ್ದು, ಅಲ್ಲಿ ಇದ್ದದ್ದು ನಿಜವಾದ ಆವಿಷ್ಕಾರ.

ಎಲ್ಲ ಮೊಕದ್ದಮೆಯೂ ಹೀಗಾಗಲಿಲ್ಲ. ಪಾರದರ್ಶಕ ಡಬ್ಬಿಯನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋದಾಗ ಐರೋಪ್ಯ ನ್ಯಾಯಾಲಯ 2007ರಲ್ಲಿ ಒಪ್ಪಲಿಲ್ಲ. ಅದು ವಸ್ತುವಿನ ಒಂದು ಗುಣ ಅಷ್ಟೇ, ಗುರುತಲ್ಲ ಎಂದಿತು. ತನ್ನ ಡಿಸಿ02 ಯಂತ್ರದ ವಿನ್ಯಾಸವನ್ನು ನಕಲು ಮಾಡಿದೆ ಎಂದು ವ್ಯಾಕ್ಸ್ ಕಂಪನಿಯ ಮೇಲೆ ಹೂಡಿದ ದಾವೆಯೂ 2011ರ ಮೇಲ್ಮನವಿಯಲ್ಲಿ ಸೋತಿತು.

ಬಳಕೆದಾರರಿಗೆ ಹೆಚ್ಚು ಸಂಬಂಧಿಸಿದ್ದು 'ಸೆಳೆತ ಕಡಿಮೆಯಾಗುವುದಿಲ್ಲ' ಎಂಬ ಮಾತು. ಅಮೆರಿಕದಲ್ಲಿ ಓರೆಕ್ ಕಂಪನಿ 2005ರಲ್ಲಿ ಇದೇ ಮಾತಿನ ಮೇಲೆ ಡೈಸನ್ ವಿರುದ್ಧ ಕೋರ್ಟಿಗೆ ಹೋಗಿತ್ತು. ಯಂತ್ರಶಾಸ್ತ್ರದ ಕಣ್ಣಿನಿಂದ ನೋಡಿದರೆ ಮಾತಿನಲ್ಲಿ ಹುರುಳಿದೆ: ಡಬ್ಬಿಯೊಳಗೆ ಕಸ ಸೇರಿದ ಮಾತ್ರಕ್ಕೆ ಗಾಳಿಯ ದಾರಿ ಕಟ್ಟುವುದಿಲ್ಲ. ಆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸೈಕ್ಲೋನಿನ ನಂತರ ಒಂದು ಫಿಲ್ಟರ್ ಇದೆ. ಸುಳಿಗೆ ಸಿಗದಷ್ಟು ನುಣುಪಾದ ಧೂಳು ಹೋಗಿ ಕೂರುವುದು ಅಲ್ಲೇ. ಚೀಲದಲ್ಲಿ ಕೆಲವು ವಾರಗಳಲ್ಲಿ ಆಗುತ್ತಿದ್ದದ್ದು ಫಿಲ್ಟರಿನಲ್ಲಿ ಕೆಲವು ತಿಂಗಳುಗಳಲ್ಲಿ ಆಗುತ್ತದೆ. ಸಮಸ್ಯೆ ಬಹಳ ಸಣ್ಣದಾಗಿದೆ, ಮಾಯವಾಗಿಲ್ಲ.

ಯುರೋಪಿನ ಲೇಬಲ್ ಜಗಳವಂತೂ ನೇರವಾಗಿ ಖಾಲಿ-ತುಂಬಿದ ಪ್ರಶ್ನೆಯದೇ. 2014ರ ಸೆಪ್ಟೆಂಬರ್ 1ರಿಂದ ಅಲ್ಲಿ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ ವಿದ್ಯುತ್ ದಕ್ಷತೆಯ ಲೇಬಲ್ ಕಡ್ಡಾಯವಾಯಿತು. ಪರೀಕ್ಷೆ ನಡೆಯುತ್ತಿದ್ದದ್ದು ಖಾಲಿ ಚೀಲ ಅಥವಾ ಖಾಲಿ ಡಬ್ಬಿಯಲ್ಲಿ. ತುಂಬಿದಾಗ ಸೆಳೆತ ಕಳೆದುಕೊಳ್ಳುವ ಯಂತ್ರಕ್ಕೂ ಕಳೆದುಕೊಳ್ಳದ ಯಂತ್ರಕ್ಕೂ ಒಂದೇ ದರ್ಜೆ ಸಿಗುತ್ತದೆ ಎಂದು ಡೈಸನ್ ವಾದಿಸಿತು. ಮೊದಲ ಸುತ್ತಿನಲ್ಲಿ ಸೋತು, 2017ರಲ್ಲಿ ಮೇಲ್ಮನವಿ ಗೆದ್ದು, ಕೊನೆಗೆ 2018ರ ನವೆಂಬರ್ 8ರಂದು ಆ ನಿಯಮವನ್ನೇ ರದ್ದು ಮಾಡಿಸಿತು. ಪರೀಕ್ಷೆ ಬಳಕೆಯ ನಿಜವಾದ ಸ್ಥಿತಿಗೆ ಸಾಧ್ಯವಾದಷ್ಟು ಹತ್ತಿರವಿರಬೇಕು ಎಂಬ ವಾದ ಗೆದ್ದಿತು. ಅದೇ ವರ್ಷದ ಜುಲೈನಲ್ಲಿ ಇನ್ನೊಂದು ತೀರ್ಪು ಡೈಸನ್ ಬಯಸಿದಂತೆ ಬರಲಿಲ್ಲ: ಖಾಲಿ ಚೀಲದಲ್ಲಿ ಅಳೆದದ್ದು ಎಂದು ಬಿಎಸ್‌ಎಚ್ ಕಂಪನಿ ಗ್ರಾಹಕರಿಗೆ ತಿಳಿಸದಿರುವುದು ದಾರಿತಪ್ಪಿಸುವ ಲೋಪವಲ್ಲ ಎಂದು ಐರೋಪ್ಯ ನ್ಯಾಯಾಲಯ ಹೇಳಿತು. ಲೇಬಲ್‌ನಿಂದಾದ ನಷ್ಟಕ್ಕೆ ಕೇಳಿದ ಪರಿಹಾರವನ್ನೂ 2021ರ ಡಿಸೆಂಬರಿನಲ್ಲಿ ಐರೋಪ್ಯ ಒಕ್ಕೂಟದ ಜನರಲ್ ಕೋರ್ಟ್ ತಳ್ಳಿಹಾಕಿತು.

ಈ ವಿಷಯದಲ್ಲಿ ಡೈಸನ್ ಹೇಳಿದ್ದೇ ಸರಿ. ತುಂಬಿದ ಸ್ಥಿತಿಯಲ್ಲೇ ಅಳೆಯಬೇಕು. ಹಾಗಾದರೆ ಆ ಅಳತೆಗೋಲು ತಂತಿಯಿಲ್ಲದ ಯಂತ್ರಕ್ಕೂ ಅನ್ವಯಿಸಬೇಕು: ಬ್ಯಾಟರಿ ಹಳೆಯದಾದಾಗ, ಫಿಲ್ಟರ್ ಮೂರು ತಿಂಗಳು ತೊಳೆಯದಿದ್ದಾಗ, ಡಬ್ಬಿ ಮ್ಯಾಕ್ಸ್ ಗೆರೆ ಮುಟ್ಟಿದಾಗ ಎಷ್ಟು? ಅಂಥ ಸಂಖ್ಯೆ ಜಾಹೀರಾತಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ.

ಇನ್ನೊಂದು ಮಾತು, ಸೆಳೆತ ಬೇರೆ, ಕಸ ಎತ್ತುವುದು ಬೇರೆ. 2014ರಲ್ಲಿ ಡೈಸನ್ ಮತ್ತು ಅದರ ಪ್ರತಿಸ್ಪರ್ಧಿಯಾದ ಶಾರ್ಕ್ ಯಂತ್ರಗಳ ತಯಾರಕರು ಅಮೆರಿಕದಲ್ಲಿ ಪರಸ್ಪರ ದಾವೆ ಹೂಡಿದರು. ಬೇರೆಲ್ಲ ಯಂತ್ರಗಳಿಗಿಂತ ಎರಡು ಪಟ್ಟು ಸೆಳೆತ ಎಂಬ ಡೈಸನ್ ಮಾತು ಒಂದು ಕಡೆ, ಡೈಸನ್‌ನ ಅತ್ಯುತ್ತಮ ಯಂತ್ರಕ್ಕಿಂತ ಕಾರ್ಪೆಟ್ಟನ್ನು ಆಳವಾಗಿ ಶುಚಿ ಮಾಡುತ್ತದೆ ಎಂಬ ಶಾರ್ಕ್ ಮಾತು ಇನ್ನೊಂದು ಕಡೆ. ಏರ್‌ವ್ಯಾಟ್ ಅಳೆಯುವ ಪದ್ಧತಿಯಲ್ಲಿ ಕಾರ್ಪೆಟ್ಟೇ ಇರುವುದಿಲ್ಲ. ಕಾರ್ಪೆಟ್ಟಿನ ಬುಡದಲ್ಲಿರುವ ಮರಳನ್ನು ಮೇಲೆಬ್ಬಿಸುವುದು ಬ್ರಷ್ಷಿನ ಬಡಿತ; ಗಾಳಿಯ ಕೆಲಸ ಅದನ್ನು ಹೊತ್ತೊಯ್ಯುವುದು. ಸೆಳೆತ ತೀರಾ ಹೆಚ್ಚಾದರೆ ಹೆಡ್ ಕಾರ್ಪೆಟ್ಟಿಗೆ ಅಂಟಿಕೊಂಡು ತಳ್ಳುವುದೇ ಕಷ್ಟವಾಗುತ್ತದೆ, ಬ್ರಷ್ ನಿಂತೇಹೋಗುವುದೂ ಉಂಟು. ಉದ್ದ ನೂಲಿನ ಕಾರ್ಪೆಟ್ಟಿಗೆ ಆಟೋ ಅಥವಾ ಮೀಡಿಯಂ ಸಾಕು, ಬೂಸ್ಟ್ ಬೇಡ. ಬೂಸ್ಟ್ ಇಡಬೇಕಾದದ್ದು ಮೂಲೆ, ಸೋಫಾದ ಸಂದು, ಹಾಸಿಗೆಯ ಹೊಲಿಗೆಗಳಿಗೆ.

ಫಿಲ್ಟರ್ ವಿಷಯಕ್ಕೆ ಬರೋಣ, ವರ್ಷಗಳ ಬಳಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಹಿಂಬದಿಯ ನೇರಳೆ ಭಾಗವನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಕೈಗೆ ಬರುತ್ತದೆ. ಒಂದು ಭಾಗ ಸ್ಪಂಜಿನಂಥದ್ದು, ಇನ್ನೊಂದು ನೆರಿಗೆ ನೆರಿಗೆಯ ಕಾಗದದಂಥದ್ದು. ತಿಂಗಳಿಗೊಮ್ಮೆ ತಣ್ಣೀರಲ್ಲಿ ತೊಳೆಯಬೇಕು. ಸೋಪು, ಬಿಸಿನೀರು, ವಾಷಿಂಗ್ ಮೆಷಿನ್ ಯಾವುದೂ ಬೇಡ. ಮೊದಲು ತಲೆಕೆಳಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ ಒಣಧೂಳು ಉದುರಿಸಿ. ಒಣಗಿದ್ದಾಗ ಉದುರುವ ಧೂಳು ನೀರು ಬಿದ್ದೊಡನೆ ಕೆಸರಾಗಿ ಎಳೆಗಳ ನಡುವೆ ಕೂರುತ್ತದೆ. ನೆರಿಗೆಯ ಮೇಲೆ ನೀರು ಹೊರಬದಿಯಿಂದ ಇಳಿದುಹೋಗಲಿ. ಬ್ರಷ್ ಹಾಕಿ ಉಜ್ಜಿದರೆ ಎಳೆ ಹರಿಯುತ್ತದೆ. ಆಮೇಲೆ ಒಳಗೆ ನೀರು ತುಂಬಿ, ಎರಡೂ ಬಾಯಿ ಅಂಗೈಯಿಂದ ಮುಚ್ಚಿ ಜೋರಾಗಿ ಕುಲುಕಿ ಚೆಲ್ಲಬೇಕು. ಚೆಲ್ಲಿದ ನೀರು ತಿಳಿಯಾಗುವವರೆಗೂ ಮಾಡಿ. ಎರಡು ಸಲಕ್ಕೆ ನಿಲ್ಲಿಸಿದರೆ ಹೊರಗೆ ಬಿಳಿ, ಒಳಗೆ ಬೂದಿ.

ಒಣಗಲು ಕನಿಷ್ಠ 24 ಗಂಟೆ, ಗಾಳಿಯಾಡುವ ಜಾಗದಲ್ಲಿ. ಇಲ್ಲೇ ಎಲ್ಲರೂ ಆತುರ ಮಾಡುವುದು. ತೇವವಿರುವ ಫಿಲ್ಟರಿನಲ್ಲಿ ಗಾಳಿಯ ದಾರಿ ಕಿರಿದಾಗಿರುತ್ತದೆ, ಬಂದ ಧೂಳು ಅಂಟಿ ಪೇಸ್ಟಿನಂತಾಗುತ್ತದೆ, ಎರಡು ದಿನದಲ್ಲಿ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಹೊರಗಾಳಿಗೆ ಸೇರುತ್ತದೆ. ಆ ವಾಸನೆ ಒಮ್ಮೆ ಹಿಡಿದರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದು ಅಪರೂಪ, ಫಿಲ್ಟರ್ ಬದಲಾಯಿಸಬೇಕಾಗುತ್ತದೆ. ಎರಡನೇ ಫಿಲ್ಟರ್ ಇಟ್ಟುಕೊಂಡು ಸರದಿಯಲ್ಲಿ ಬಳಸುವುದೇ ಈ ಯಂತ್ರಕ್ಕೆ ಮಾಡಬಹುದಾದ ಅತ್ಯುತ್ತಮ ಖರ್ಚು.

ಸೈಕ್ಲೋನ್ ಭಾಗಕ್ಕೆ ಮಾತ್ರ ನೀರು ತಾಗಿಸಲೇಬಾರದು. ಡಬ್ಬಿಯನ್ನು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಳಗಿನ ಜಾಲರಿಗೆ ನೂಲು, ಕೂದಲು ಹತ್ತಿಕೊಂಡಿದ್ದರೆ ಒಣ ಬ್ರಷ್ಷಿನಿಂದ ತೆಗೆಯಿರಿ. ಜಾಲರಿ ಮುಚ್ಚಿದ್ದಾಗ ಸುಳಿ ಸರಿಯಾಗಿ ಏಳುವುದಿಲ್ಲ, ಧೂಳು ನೇರ ಫಿಲ್ಟರಿಗೆ ಏರುತ್ತದೆ. ಗೋಡೆ ಕೊರೆದ ಸಿಮೆಂಟ್ ಪುಡಿ, ಬೂದಿ, ಚೆಲ್ಲಿದ ಹಿಟ್ಟು ಇವನ್ನು ಮೊದಲು ಪೊರಕೆಯಿಂದ ಬಳಿದು, ಉಳಿದ ಪದರಕ್ಕಷ್ಟೇ ಯಂತ್ರ ಹಿಡಿಯಿರಿ.

ಯಂತ್ರ ಉಸಿರುಗಟ್ಟಿದಂತೆ ಆಗಾಗ ನಿಂತು ನಿಂತು ಓಡತೊಡಗಿದರೆ ಮೋಟಾರ್ ಕೆಟ್ಟಿತೆಂದು ಹೆದರಬೇಕಿಲ್ಲ. ಗಾಳಿಯ ದಾರಿ ಕಟ್ಟಿದಾಗ ಫ್ಯಾನಿಗೆ ಹೊರೆ ಕಡಿಮೆಯಾಗಿ ವೇಗ ಏರುತ್ತದೆ, ತಂಪು ಮಾಡುವ ಗಾಳಿಯೂ ಇಲ್ಲವಾಗುತ್ತದೆ, ನಿಯಂತ್ರಣ ಮಂಡಳಿ ಅದನ್ನು ಗುರುತಿಸಿ ಕಡಿತ ಮಾಡುತ್ತದೆ. ಹುಡುಕುವ ಕ್ರಮ ಹೀಗಿರಲಿ: ಕೊಳವೆ, ಹೆಡ್ ಎರಡೂ ತೆಗೆದು ಬರೀ ಮೈಯನ್ನು ಓಡಿಸಿ. ಆಗಲೂ ನಿಲ್ಲುತ್ತಿದ್ದರೆ ತಪ್ಪು ಫಿಲ್ಟರ್ ಅಥವಾ ಡಬ್ಬಿಯ ಬಾಯಿಯದು. ಸರಿಯಾಗಿ ಓಡಿದರೆ ಕೊಳವೆ ಸೇರಿಸಿ ನೋಡಿ, ಆಮೇಲೆ ಹೆಡ್. ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವ ಜಾಗ ಹೆಡ್ಡಿನ ಕತ್ತಿನ ಬಾಗು. ಕಾಗದದ ಚೂರು ಅಡ್ಡ ನಿಂತು, ಅದಕ್ಕೆ ಕೂದಲು ಸುತ್ತಿ ಗಂಟಾಗಿರುತ್ತದೆ.

ಹೊಸ ಆವಿಷ್ಕಾರಗಳಲ್ಲಿ ಹೆಡ್ಡಿನ ಹಸಿರು ಲೇಸರ್ ಕೆಲಸಕ್ಕೆ ಬರುತ್ತದೆ. ನೆಲದಿಂದ 7.2 ಮಿಲಿಮೀಟರ್ ಎತ್ತರದಲ್ಲಿ, 1.5 ಡಿಗ್ರಿ ಓರೆಯಲ್ಲಿ ಬೆಳಕು ಬೀಳುವುದರಿಂದ ಒಂದೊಂದು ಕಣವೂ ನೆರಳು ಚಾಚಿ ನಿಲ್ಲುತ್ತದೆ. ನುಣುಪಾದ ಗಟ್ಟಿ ನೆಲ, ಮಂದ ಬೆಳಕು ಇದ್ದರೆ ಮಾತ್ರ. ಹಗಲಿನ ಬಿಸಿಲಲ್ಲಿ, ಕಾರ್ಪೆಟ್ಟಿನ ಮೇಲೆ ಅದರಿಂದ ಪ್ರಯೋಜನವಿಲ್ಲ.

ಧೂಳು ಎಣಿಸುವ ಪೀಜೋ ಸೆನ್ಸರ್ ಬಗ್ಗೆ ಜಾಹೀರಾತು ಹೆಚ್ಚು ಹೇಳುತ್ತದೆ: ಸೆಕೆಂಡಿಗೆ 15,000 ಸಲ ಅಳೆಯುತ್ತದಂತೆ. ಕಣಗಳು ಬಡಿದ ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ 10, 60, 180, 500 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೊಡ್ಡವು ಎಂದು ನಾಲ್ಕು ಪಟ್ಟಿಯಲ್ಲಿ ತೋರಿಸುತ್ತದೆ. ಎಣಿಸುವುದು ಒಳಗೆ ಬಂದದ್ದನ್ನು ಮಾತ್ರ, ನೆಲದಲ್ಲಿ ಉಳಿದದ್ದು ಅದಕ್ಕೆ ಗೊತ್ತಾಗದು. ಹೊಸ ಕಾರ್ಪೆಟ್ ಉದುರಿಸುವ ನೂಲನ್ನೂ ಕಸವೆಂದೇ ಎಣಿಸುತ್ತದೆ. ಆದರೂ ಒಂದೇ ಜಾಗದಲ್ಲಿ ಎರಡನೇ, ಮೂರನೇ ಸಲ ಹಾಯಿಸಿದಾಗ ಪಟ್ಟಿ ಇಳಿಯದಿದ್ದರೆ ಅಲ್ಲಿ ಇನ್ನೂ ಧೂಳಿದೆ ಎಂದು ನಂಬಬಹುದು. ಹಾಸಿಗೆ ಶುಚಿ ಮಾಡುವಾಗ ಇದು ನಿಜಕ್ಕೂ ಉಪಯುಕ್ತ.

ಡೈಸನ್ ಕಂಪನಿಯದೇ ಸಪೂರ ಯಂತ್ರವಾದ 2025ರ ಪೆನ್ಸಿಲ್‌ವ್ಯಾಕ್ ನೋಡಿ ವಿ15 ಕೈಬಿಡಬೇಕೇ ಎಂದು ಯೋಚಿಸುವವರು ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟುಕೊಳ್ಳಲಿ. ಕೇವಲ 38 ಮಿಲಿಮೀಟರ್ ವ್ಯಾಸದ ಹಿಡಿಕೆಯೊಳಗೆ ಮೋಟಾರ್, ಬ್ಯಾಟರಿ ಎಲ್ಲವನ್ನೂ ಕೂರಿಸಿರುವುದು, 28 ಮಿಲಿಮೀಟರಿನ ಮೋಟಾರನ್ನು ನಿಮಿಷಕ್ಕೆ 1,40,000 ಸುತ್ತು ತಿರುಗಿಸುವುದು ಮೆಚ್ಚಲೇಬೇಕಾದ ಕೆಲಸ. ತೂಕ 1.8 ಕಿಲೋ, ವಿ15ರದು ಸುಮಾರು 3.1. ಆದರೆ ಸೆಳೆತ 55 ಏರ್‌ವ್ಯಾಟ್, ಡಬ್ಬಿ 0.08 ಲೀಟರ್, ಅಂದರೆ ವಿ15 ಡಬ್ಬಿಯ ಹತ್ತನೇ ಒಂದು ಭಾಗದಷ್ಟು. ಅದು ಗಟ್ಟಿ ನೆಲಕ್ಕೆಂದೇ ಮಾಡಿದ್ದು. ದಿನಾ ಒಂದು ಸುತ್ತು ಗುಡಿಸುವವರಿಗೆ, ಮಣಿಕಟ್ಟು ನೋವಿರುವವರಿಗೆ ಅದು ಸರಿ. ಕಾರ್ಪೆಟ್, ಹಾಸಿಗೆ, ಸಾಕುಪ್ರಾಣಿ ಇರುವ ಮನೆಗೆ ಅಲ್ಲ.

ಬ್ಯಾಟರಿ ಸವೆಯುವುದನ್ನು ತಡೆಯಲಾಗದು, ನಿಧಾನ ಮಾಡಬಹುದು. ಬೂಸ್ಟ್‌ನಲ್ಲಿ ಪೂರ್ತಿ ಬರಿದು ಮಾಡಿದ ಬ್ಯಾಟರಿ ಬಿಸಿಯಾಗಿರುತ್ತದೆ. ಅರ್ಧ ಗಂಟೆ ಆರಲು ಬಿಟ್ಟು ಚಾರ್ಜಿಗೆ ಹಾಕಿ. ಹೊಸದಿದ್ದಾಗಲೇ ಪೂರ್ತಿ ಚಾರ್ಜ್ ಮಾಡಿ, ಬ್ರಷ್ಷಿಲ್ಲದ ಸಣ್ಣ ಮೂತಿ ಹಾಕಿ, ಬೂಸ್ಟ್‌ನಲ್ಲಿ ಎಷ್ಟು ನಿಮಿಷ ಬರುತ್ತದೆಂದು ಗಡಿಯಾರ ಹಿಡಿದು ಅಳೆದು ಬರೆದಿಡಿ. ಆರು ತಿಂಗಳಿಗೊಮ್ಮೆ, ಫಿಲ್ಟರ್ ತೊಳೆದು ಒಣಗಿಸಿದ ಮರುದಿನ, ಅದೇ ರೀತಿ ಅಳೆಯಿರಿ. ಮೊದಲ ಸಂಖ್ಯೆಯ ಅರ್ಧಕ್ಕೆ ಇಳಿದಾಗ ಬ್ಯಾಟರಿ ಬದಲಾಯಿಸುವ ಹೊತ್ತು ಬಂತು. ಗುಂಡಿ ಒತ್ತಿ ಬ್ಯಾಟರಿ ಕಳಚುವ ಮಾದರಿಯಾದರೆ ಅದು ಒಂದು ನಿಮಿಷದ ಕೆಲಸ, ಸ್ಕ್ರೂ ಇರುವ ಮಾದರಿಯಾದರೆ ಐದು ನಿಮಿಷದ್ದು.