‘ಹೇಗಿದೆ’ ಅನ್ನೋದಕ್ಕೆ ಒಳ್ಳೆಯದು, ‘ಯಾಕೆ’ ಅನ್ನೋದಕ್ಕೆ ಅಲ್ಲ: ಒಂದು ಮೂಡ್ ಡೈರಿ ಆ್ಯಪ್

ಈ ಆ್ಯಪ್‌ನ ಕೆಲಸ ಸರಳ. ದಿನಕ್ಕೆ ಕೆಲವು ಸಲ ‘ಈಗ ಮನಸ್ಸು ಹೇಗಿದೆ?’ ಅಂತ ಕೇಳುತ್ತದೆ, ಒಂದು ಮುಖ ಒತ್ತಿದರೆ ಆಯಿತು. ಇಲ್ಲಿಯವರೆಗೂ ತುಂಬಾ ಚೆನ್ನಾಗಿದೆ. ಬೇಸರ ಆಗಿದೆಯಾ ಇಲ್ಲವಾ ಅನ್ನೋದು ನಮಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ, ಅಲ್ವಾ?

ತಕರಾರು ಇರೋದು ಅದರ ಮುಂದಿನ ಪ್ರಶ್ನೆಯಲ್ಲಿ. ‘ಯಾಕೆ?’ ಅಂತ ಕೇಳಿ ಕೆಲಸ, ನಿದ್ದೆ, ಮನೆಯವರು ಅಂತ ಒಂದು ಪಟ್ಟಿ ಮುಂದಿಡುತ್ತದೆ, ತಿಂಗಳ ಕೊನೆಗೆ ನಾವು ಒತ್ತಿದ್ದನ್ನೇ ಕೂಡಿಸಿ ‘ನಿಮ್ಮ ಬೇಸರಕ್ಕೆ ಮುಖ್ಯ ಕಾರಣ ಇದು’ ಅಂತ ಬಣ್ಣದ ಚಾರ್ಟ್ ಕೊಡುತ್ತದೆ. ಒಂದು ಅಪ್‌ಡೇಟ್ ಆದ ಮೇಲೆ ಪಟ್ಟಿಯಲ್ಲಿ ‘ಕೆಲಸ’ ಕೆಳಗೆ ಹೋಗಿ ‘ನಿದ್ದೆ’ ಮೇಲೆ ಬಂತು. ಆ ತಿಂಗಳ ಚಾರ್ಟ್‌ನಲ್ಲಿ ನನ್ನ ಬೇಸರಕ್ಕೆಲ್ಲ ನಿದ್ದೆಯೇ ಕಾರಣ! ನಾನು ಮಲಗುವ ಹೊತ್ತು, ಏಳುವ ಹೊತ್ತು ಎರಡೂ ಹಾಗೇ ಇದ್ದವು.

ಇದು ನನ್ನೊಬ್ಬನ ಕಥೆಯಲ್ಲ. ರಿಚರ್ಡ್ ನಿಸ್ಬೆಟ್, ತಿಮೊಥಿ ವಿಲ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದರ ಬಗ್ಗೆ ಬರೆದರು. ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿಟ್ಟು ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳಿದ್ದರು. ನಾಲ್ಕೂ ಒಂದೇ ಥರದವು. ಆದರೂ ಬಲತುದಿಯದ್ದನ್ನೇ ಜಾಸ್ತಿ ಜನ ಆರಿಸಿದರು. ಇಟ್ಟ ಜಾಗದ ಮಾತನ್ನು ಯಾರೂ ಎತ್ತಲಿಲ್ಲ, ಅದರಿಂದ ಹೀಗಾಯಿತಾ ಅಂತ ನೇರವಾಗಿ ಕೇಳಿದಾಗಲೂ ಹೆಚ್ಚುಕಡಿಮೆ ಎಲ್ಲರೂ ಇಲ್ಲವೇ ಇಲ್ಲ ಅಂದರು. ಸುಳ್ಳು ಹೇಳಿದ್ದಲ್ಲ, ಹಾಗೇ ನಂಬಿದ್ದರು.

ದೇಹಕ್ಕಿಂತ ಮನಸ್ಸನ್ನು ತಿಳಿಯೋದೇ ಸುಲಭ ಅಂತ 1641ರಲ್ಲಿ ತತ್ವಜ್ಞಾನಿ ಡೆಕಾರ್ಟ್ ವಾದಿಸಿದ್ದ. 1949ರಲ್ಲಿ ಗಿಲ್ಬರ್ಟ್ ರೈಲ್ ಅನ್ನೋ ಇನ್ನೊಬ್ಬ ತತ್ವಜ್ಞಾನಿ ಅದಕ್ಕೆ ತಿರುಗಿಬಿದ್ದು, ಬೇರೆಯವರನ್ನು ತಿಳಿಯುವ ಹಾಗೇ, ಅಂದರೆ ಆಡಿದ್ದು ಮಾಡಿದ್ದನ್ನು ಗಮನಿಸಿಯೇ, ನಮ್ಮನ್ನೂ ತಿಳಿಯುತ್ತೇವೆ ಅಂದ. ನೋವಿನ ವಿಷಯಕ್ಕೆ ರೈಲ್ ಮಾತು ನನಗೆ ಒಪ್ಪಿಗೆಯಿಲ್ಲ, ಹಲ್ಲುನೋವು ಗೊತ್ತಾಗಲು ಕನ್ನಡಿ ಬೇಕಿಲ್ಲ. ಆದರೆ ಕಾರಣದ ವಿಷಯಕ್ಕೆ ಅವನೇ ಸರಿ.

ಹಾಗಾಗಿ ಈ ಆ್ಯಪ್‌ನಲ್ಲಿ ನನಗೆ ನಿಜಕ್ಕೂ ಇಷ್ಟವಾಗಿದ್ದು ಯಾರೂ ಮುಟ್ಟದ ಆ ಖಾಲಿ ನೋಟ್ ಬಾಕ್ಸ್. ಏನಾಯಿತು, ಯಾರ ಹತ್ತಿರ ಏನು ಮಾತಾಡಿದೆ, ಏನನ್ನು ಮುಂದೂಡಿದೆ, ಸುಮ್ನೆ ಅಷ್ಟು ಬರೆದಿಟ್ಟರೆ ಸಾಕು. ಕೆಲವು ವಾರ ಬಿಟ್ಟು ಓದಿದಾಗ ಒಂದೇ ಹೆಸರು ಮತ್ತೆ ಮತ್ತೆ ಕಾಣುತ್ತದೆ, ಪಟ್ಟಿಯಲ್ಲಿ ಅದು ಇರೋದೇ ಇಲ್ಲ.

ಐದಕ್ಕೆ ಮೂರು ಸ್ಟಾರ್. ‘ಯಾಕೆ’ ಪ್ರಶ್ನೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು, ಮೊದಲ ದಿನವೇ ಮಾಡಿ.